ಹೆಸರಾಂತ ಡಾಕ್ಟರನ್ನೇ ಪಾಲಿಕೆಯ ಆರೋಗ್ಯಾಧಿಕಾರಿ ಮಾಡಬಾರದೇಕೆ?

ಓದುಗರ ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಕಟ್ಟಡದಲ್ಲಿ ಯಾರಾದರೊಬ್ಬರು ಮಲೇರಿಯಾ, ಡೆಂಗಿ, ಇಲಿಜ್ವರ ಎಂದು ಆಸ್ಪತ್ರೆ ಸೇರುತ್ತಾರೆ. ಮುಂಬಯಿ, ಪುಣೆಗಳಲ್ಲಿ ದೇಶಕ್ಕೇ ಹೆಸರಾದ ವೈದ್ಯರಿದ್ದಾರೆ. ಅಂಥವರಲ್ಲಿ ಒಬ್ಬರನ್ನು ಕರೆದು ಪಾಲಿಕೆಯ ಆರೋಗ್ಯ ಇಲಾಖೆಗೆ ಮುಖ್ಯಸ್ಥರನ್ನಾಗಿ ನೇಮಿಸಬಾರದೇಕೆ? ಆ ಹುದ್ದೆಗೆ ಯಾರನ್ನು, ಹೇಗೆ ಆರಿಸುತ್ತಾರೆ?

ಉತ್ತರ: ಮಾಟುಂಗದಲ್ಲಿರಲಿ, ಡೊಂಬಿವಲಿಯಲ್ಲಿರಲಿ, ಪುಣೆಯಲ್ಲಿರಲಿ, ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತಲೇ ಇರುತ್ತದೆ. ಆ ಹುದ್ದೆಗೆ ವೈದ್ಯರೇ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಅತ್ಯುತ್ತಮ ಹೃದಯತಜ್ಞರೋ ಶಸ್ತ್ರಚಿಕಿತ್ಸಕರೋ ಅದಕ್ಕೆ ತಕ್ಕವರಾಗುವ ಸಂಭವ ಕಡಿಮೆ. ವಾರ್ಡುಗಳಲ್ಲಿ ವರ್ಷಗಟ್ಟಲೆ ದುಡಿದು, ರೋಗ ಎಲ್ಲಿಂದ ಬರುತ್ತದೆ ಎಂದು ಹುಡುಕುವುದನ್ನೇ ವೃತ್ತಿಯಾಗಿಸಿಕೊಂಡ ವೈದ್ಯರು ಅಲ್ಲಿರಬೇಕು. ಅಂಥವರನ್ನು ತಯಾರಿಸುವ, ಬಂದ ಮೇಲೆ ಉಳಿಸಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಸೊರಗಿದೆ. ಒಬ್ಬ ಒಳ್ಳೆಯ ವೈದ್ಯರು ಸಿಗುತ್ತಿಲ್ಲ ಎಂಬುದಕ್ಕಿಂತ ಇದು ದೊಡ್ಡ ಕೊರತೆ.

ಮೊದಲು ಹುದ್ದೆಯ ಪರಿಚಯ. ಮುಂಬಯಿಯ ಕನ್ನಡಿಗರಲ್ಲಿ ಈ ಇಲಾಖೆಯನ್ನು ಹತ್ತಿರದಿಂದ ಬಲ್ಲವರು ಹೊಟೇಲಿನವರು. ತಿನಿಸಿನ ಮಳಿಗೆ ನಡೆಸಲು 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯಿದೆಯ ಪ್ರಕಾರ ಪರವಾನಗಿ ಬೇಕು. ಹೊಟೇಲಿನವರ ಬಾಯಲ್ಲಿ ಅದು 'ಹೆಲ್ತ್ ಲೈಸೆನ್ಸ್'. ಅದಕ್ಕಾಗಿ ಅವರು ಹೋಗುವುದು ವಾರ್ಡ್ ಆಫೀಸಿನ ವೈದ್ಯಕೀಯ ಆರೋಗ್ಯಾಧಿಕಾರಿಯ ಬಳಿಗೆ, ಎಲ್ಲರೂ ಎಂಒಎಚ್ ಎಂದು ಕರೆಯುವವರ ಬಳಿಗೆ. ಉಳಿದವರಿಗೆ ಈ ಅಧಿಕಾರಿಯ ನೆನಪಾಗುವುದು ಮನೆಯಲ್ಲಿ ಮಗು ಹುಟ್ಟಿದಾಗ ಅಥವಾ ಹಿರಿಯರು ತೀರಿಕೊಂಡಾಗ, ಪ್ರಮಾಣಪತ್ರದ ಸಲುವಾಗಿ. ಈ ಎಲ್ಲ ವಾರ್ಡ್ ಅಧಿಕಾರಿಗಳ ಮೇಲೆ ಮುಂಬಯಿಯಲ್ಲಿ ಒಬ್ಬ ಕಾರ್ಯಕಾರಿ ಆರೋಗ್ಯಾಧಿಕಾರಿ ಇರುತ್ತಾರೆ. ಆ ಹುದ್ದೆಯನ್ನು ಕಾಯಿದೆಯೇ ಹೆಸರಿಸಿದೆ. ಪುಣೆ, ಕಲ್ಯಾಣ್-ಡೊಂಬಿವಲಿ ಮುಂತಾದ ಪಾಲಿಕೆಗಳು 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯಿದೆಯಡಿ ನಡೆಯುತ್ತವೆ; ಅಲ್ಲಿಯೂ ಆರೋಗ್ಯಕ್ಕಾಗಿ ಒಬ್ಬ ವೈದ್ಯಾಧಿಕಾರಿಯನ್ನು ನೇಮಿಸಬೇಕೆಂಬ ವಿಧಿ ಇದೆ.

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಕೆಇಎಂ, ನಾಯರ್, ಸಾಯನ್, ಕೂಪರ್ ಆಸ್ಪತ್ರೆಗಳು ಮುಂಬಯಿ ಪಾಲಿಕೆಯವೇ ಆದರೂ ಅವು ಕಾರ್ಯಕಾರಿ ಆರೋಗ್ಯಾಧಿಕಾರಿಯ ಕೈಕೆಳಗಿಲ್ಲ. ವೈದ್ಯಕೀಯ ಕಾಲೇಜುಗಳ ಈ ದೊಡ್ಡ ಆಸ್ಪತ್ರೆಗಳಿಗೆ ಬೇರೆಯೇ ನಿರ್ದೇಶಕರಿದ್ದಾರೆ. ಉಪನಗರಗಳ ಆಸ್ಪತ್ರೆಗಳಿಗೆ ಇನ್ನೊಬ್ಬ ಮುಖ್ಯ ವೈದ್ಯಕೀಯ ಅಧೀಕ್ಷಕರಿದ್ದಾರೆ. ಆರೋಗ್ಯಾಧಿಕಾರಿಯ ಪಾಲಿಗೆ ಬರುವುದು ಊರಿನ ದವಾಖಾನೆಗಳು, ಲಸಿಕೆ, ಕ್ಷಯ, ಸಾಂಕ್ರಾಮಿಕ ರೋಗಗಳ ಮೇಲಿನ ಕಣ್ಗಾವಲು, ಜನನ ಮರಣಗಳ ಲೆಕ್ಕ, ಪರವಾನಗಿಗಳು. ಸೊಳ್ಳೆ, ಇಲಿಗಳ ಹತೋಟಿಗೆ ಮತ್ತೊಂದು ವಿಭಾಗವೇ ಇದ್ದು, ಅದರ ಮುಖ್ಯಸ್ಥರು ಕೀಟನಾಶಕ ಅಧಿಕಾರಿ. ಆದ್ದರಿಂದ ಹೆಸರಾಂತ ಆಸ್ಪತ್ರೆಯ ಡೀನ್ ಒಬ್ಬರನ್ನು ತಂದು ಈ ಕುರ್ಚಿಯಲ್ಲಿ ಕೂರಿಸಿದರೆ, ಅವರು ಜೀವಮಾನವೆಲ್ಲ ಮಾಡಿದ ಕೆಲಸ ಅಲ್ಲಿ ಇರುವುದೇ ಇಲ್ಲ.

ಪುಣೆಯಲ್ಲಿ ಈಚೆಗೆ ನಡೆದದ್ದನ್ನು ನೋಡಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಗಿಲಿಯನ್-ಬಾರೆ ಸಿಂಡ್ರೋಮ್ ಹಬ್ಬಿತು. ಕೈಕಾಲುಗಳ ಬಲ ಕುಂದುತ್ತಾ ಹೋಗಿ, ಕೆಲವರಿಗೆ ಉಸಿರಾಡಲು ಯಂತ್ರದ ನೆರವು ಬೇಕಾಗುವ ಕಾಯಿಲೆ ಅದು. ರೋಗಿಗಳನ್ನು ಉಳಿಸುವ ಹೊಣೆ ನರರೋಗ ತಜ್ಞರದು, ತೀವ್ರ ನಿಗಾ ಘಟಕದ ವೈದ್ಯರದು. ಅವರ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆರೋಗ್ಯ ಇಲಾಖೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಇಷ್ಟೊಂದು ಜನ ಒಂದೇ ಪ್ರದೇಶದಿಂದ ಬರುತ್ತಿರುವುದೇಕೆ? ಅವರೆಲ್ಲ ಕುಡಿದದ್ದು ಯಾವ ನೀರು? ನಾಂದೇಡ್, ಕಿರ್ಕಟ್‌ವಾಡಿ, ಧಾಯರಿ ಮುಂತಾದ ಈ ಹಳ್ಳಿಗಳು ಪಾಲಿಕೆಯ ಗಡಿಯೊಳಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಬಾವಿಯ ನೀರು, ಟ್ಯಾಂಕರ್ ನೀರು ಅಲ್ಲಿನ ದಿನನಿತ್ಯದ ಬದುಕು. ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಪತ್ತೆಯಾದಾಗ ಅನುಮಾನದ ಬೆರಳು ನೀರಿನತ್ತಲೇ ಹೋಯಿತು.

ಈಗ ಆರೋಗ್ಯಾಧಿಕಾರಿಯ ಸ್ಥಿತಿ ಯೋಚಿಸಿ. ಕಾರಣ ನೀರಿನಲ್ಲಿದೆ, ನೀರು ಇಂಜಿನಿಯರುಗಳ ಇಲಾಖೆಯದು. ಟ್ಯಾಂಕರುಗಳು ಖಾಸಗಿಯವರವು. ರೋಗಿಗಳಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. ಹಣ ಬಿಡುಗಡೆ ಆಗಬೇಕಾದದ್ದು ಆಯುಕ್ತರ ಸಹಿಯಿಂದ. ಪತ್ರಕರ್ತರು ಬಾಗಿಲಲ್ಲಿ ನಿಂತಿದ್ದಾರೆ. ಇವರಲ್ಲಿ ಯಾರೂ ಈ ವೈದ್ಯರ ಆಜ್ಞೆಗೆ ಕಟ್ಟುಬಿದ್ದವರಲ್ಲ. ಆಸ್ಪತ್ರೆಯಲ್ಲಿ ಹಿರಿಯ ವೈದ್ಯರು ಚೀಟಿ ಬರೆದರೆ ಅದು ನಡೆದೇ ನಡೆಯುತ್ತದೆ. ಪಾಲಿಕೆಯಲ್ಲಿ ಚೀಟಿ ಬರೆದ ಮೇಲೆಯೇ ಕೆಲಸ ಶುರುವಾಗುವುದು. ಇಂಜಿನಿಯರನ್ನು ಒಪ್ಪಿಸಬೇಕು, ನಗರಸೇವಕರಿಗೆ ವಿವರಿಸಬೇಕು, ಕಾಯಿದೆಯ ಯಾವ ಕಲಮಿನಡಿ ನೋಟಿಸು ಕೊಡಬಹುದೆಂದು ಬಾಯಿಪಾಠವಾಗಿರಬೇಕು, ಮನೆಮನೆ ಸುತ್ತುವ ಆರೋಗ್ಯ ಸೇವಿಕೆ ತಂದ ಮಾಹಿತಿಯಲ್ಲಿ ಯಾವುದು ಮುಖ್ಯವೆಂದು ಕೂಡಲೇ ಗುರುತಿಸಬೇಕು. ಈ ಸಾಮರ್ಥ್ಯ ಪದವಿಯೊಂದಿಗೆ ಬರುವುದಿಲ್ಲ, ವಾರ್ಡಿನಲ್ಲಿ ನಡೆದಾಡಿ ಬರುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ಮುಂಬಯಿಯವರಿಗೆ ಮರೆಯುವಂಥದ್ದಲ್ಲ. ನೀರು ಇಳಿದ ಮೇಲೆ ಇಲಿಜ್ವರ ಬಂತು. ಇಂದು ಪ್ರತಿ ದೊಡ್ಡ ಮಳೆಯ ನಂತರ, ಕೊಳಚೆ ನೀರಿನಲ್ಲಿ ನಡೆದವರು ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ ಎಂದು ಪಾಲಿಕೆ ಹೇಳುತ್ತದೆ. ಜ್ವರ ಬರುವ ಮೊದಲೇ ಕೊಡುವ ಆ ಒಂದು ಸೂಚನೆಯಿಂದ ಯಾರು ಉಳಿದರೆಂದು ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ತರದ ಈ ಕೆಲಸವನ್ನು ಬಯಸಿ ಮಾಡುವವರ ಬಗ್ಗೆ ನನಗೆ ಬಹಳ ಗೌರವವಿದೆ.

ವೈದ್ಯರೇ ಏಕೆ, ದಕ್ಷ ಐಎಎಸ್ ಅಧಿಕಾರಿ ಸಾಲದೇ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಈ ಎರಡು ಊರುಗಳ ಪ್ಲೇಗಿನ ಇತಿಹಾಸವನ್ನೇ ನೋಡಬಹುದು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗನ್ನು ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೋ ವಿಯೆಗಾಸ್. ಅವರು ಆ ಪೇಟೆಯಲ್ಲಿಯೇ ಚಿಕಿತ್ಸೆ ನೀಡುತ್ತಿದ್ದವರು, ಜೊತೆಗೆ ಪಾಲಿಕೆಯ ಸದಸ್ಯರು. ರೋಗಿಯ ಹಾಸಿಗೆಯ ಪಕ್ಕ ಕಂಡದ್ದನ್ನು ಪಾಲಿಕೆಯ ಸಭೆಗೆ ಒಯ್ದು ಹೇಳಬಲ್ಲ ಸ್ಥಾನದಲ್ಲಿ ಅವರಿದ್ದರು. 1906ರಲ್ಲಿ ಅವರೇ ಪಾಲಿಕೆಯ ಅಧ್ಯಕ್ಷರಾದರು. ಧೋಬಿ ತಲಾವಿನ ಬಳಿ ಮೆಟ್ರೊ ಚಿತ್ರಮಂದಿರದ ಎದುರು ಅವರ ಪ್ರತಿಮೆ ಇಂದಿಗೂ ಇದೆ.

ಪುಣೆಯಲ್ಲಿ 1897ರಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದವನು ಡಬ್ಲ್ಯು. ಸಿ. ರ್‍ಯಾಂಡ್ ಎಂಬ ಐಸಿಎಸ್ ಅಧಿಕಾರಿ, ಅಂದರೆ ಬ್ರಿಟಿಷರ ಕಾಲದ ಐಎಎಸ್ ಎನ್ನಬಹುದಾದ ಸೇವೆಯವನು. ವೈದ್ಯನಲ್ಲ. ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದರು, ಜನರನ್ನು ಎಳೆದೊಯ್ದು ಪ್ರತ್ಯೇಕವಾಗಿಟ್ಟರು, ಮನೆಯ ಮರ್ಯಾದೆಗೆ ಕೈಯಿಟ್ಟರು. ಆ ಸಿಟ್ಟು ಮಡುಗಟ್ಟಿ ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ರ್‍ಯಾಂಡ್‌ನ ಮೇಲೆ ಚಾಪೇಕರ್ ಸಹೋದರರ ಗುಂಡಾಗಿ ಸಿಡಿಯಿತು. ಹಾಗೆಂದು ವೈದ್ಯರಿದ್ದಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾಗದು. ಮುಂಬಯಿ ಪಾಲಿಕೆಗೆ ಆರೋಗ್ಯಾಧಿಕಾರಿ ಇದ್ದೂ ಬಲವಂತದ ಪ್ರತ್ಯೇಕೀಕರಣಕ್ಕೆ ರೇಗಿದ ಗಿರಣಿ ಕಾರ್ಮಿಕರು 1896ರ ಅಕ್ಟೋಬರಿನಲ್ಲಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆಯೇ ದಾಳಿ ಮಾಡಿದರು. ಇಂದು ಸಾಂಕ್ರಾಮಿಕ ರೋಗಗಳಿಗೆ ಹೆಸರಾದ ಕಸ್ತೂರಬಾ ಆಸ್ಪತ್ರೆ ಅದೇ. ವೈದ್ಯಕೀಯ ಜ್ಞಾನವೂ ಬೇಕು, ಜನರ ಮನೆಯ ಒಳಗು ತಿಳಿದವರೂ ಆಗಿರಬೇಕು. ಈ ಎರಡೂ ಒಬ್ಬರಲ್ಲೇ ಸಿಗಬೇಕೆಂಬುದೇ ಈ ನೇಮಕಾತಿಯ ಕಷ್ಟ.

ಜಗತ್ತಿನ ಮೊದಲ ನಗರ ಆರೋಗ್ಯಾಧಿಕಾರಿಗಳಲ್ಲಿ ಒಬ್ಬರೆನ್ನಬಹುದಾದ ಲಿವರ್‌ಪೂಲಿನ ಡಾ. ಡಂಕನ್ ಕೂಡ 1847ರಲ್ಲಿ ನೇಮಕವಾಗುವ ಮೊದಲು ಬಡವರ ದವಾಖಾನೆಯಲ್ಲಿ ದುಡಿದವರೇ.

ಇನ್ನು ಆಯ್ಕೆಯ ದಾರಿಗಳು. ಮುಂಬಯಿಯಲ್ಲಿ ಸಾಮಾನ್ಯವಾಗಿ ಒಳಗಿನವರೇ ಏರುತ್ತಾರೆ: ವಾರ್ಡಿನ ಎಂಒಎಚ್, ಆಮೇಲೆ ಉಪ ಕಾರ್ಯಕಾರಿ ಆರೋಗ್ಯಾಧಿಕಾರಿ, ಕೊನೆಗೆ ಮುಖ್ಯ ಕುರ್ಚಿ. ಇದರ ಲಾಭ, ಬರುವವರಿಗೆ ಊರು ಗೊತ್ತಿರುತ್ತದೆ. ನಷ್ಟ, ಜ್ಯೇಷ್ಠತೆಯ ಪಟ್ಟಿಯಲ್ಲಿ ಸರದಿ ಬರುವಷ್ಟರಲ್ಲಿ ನಿವೃತ್ತಿ ಹತ್ತಿರವಾಗಿರುತ್ತದೆ. ಪುಣೆಯಲ್ಲಿ ರಾಜ್ಯದ ಆರೋಗ್ಯ ಸೇವೆಯಿಂದ ನಿಯೋಜನೆಯ ಮೇಲೆ ಬಂದವರು ಈ ಹುದ್ದೆಯಲ್ಲಿ ಕೂತದ್ದುಂಟು, ಮತ್ತು ಕಳೆದ ಕೆಲವು ವರ್ಷಗಳಲ್ಲಿ ಆ ಕುರ್ಚಿಯಲ್ಲಿದ್ದವರು ಮೇಲಿಂದ ಮೇಲೆ ಬದಲಾದದ್ದು ಎಲ್ಲರಿಗೂ ತಿಳಿದಿದೆ. ನಿಯೋಜನೆಯಲ್ಲಿ ಒಳ್ಳೆಯ ಅನುಭವಿಗಳು ಬರಬಹುದು. ಆದರೆ ಯಾವ ನಾಲೆ ಎಲ್ಲಿ ಉಕ್ಕುತ್ತದೆ, ಯಾವ ಬಡಾವಣೆಯಲ್ಲಿ ಲಸಿಕೆಗೆ ಹಿಂಜರಿಕೆ ಇದೆ ಎಂದು ಅರಿಯುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದರೆ ಆ ಅನುಭವದಿಂದ ಊರಿಗೆ ಸಿಕ್ಕಿದ್ದೇನು? ಎಷ್ಟೋ ಸಣ್ಣ ಪಾಲಿಕೆ, ನಗರ ಪರಿಷತ್ತುಗಳಲ್ಲಿ ಹುದ್ದೆಯೇ 'ಪ್ರಭಾರ'ದ ಮೇಲೆ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ಹಾನಿಕರ. ಪ್ರಭಾರದಲ್ಲಿರುವವರು ಯಾರನ್ನೂ ಎದುರು ಹಾಕಿಕೊಳ್ಳಲಾರರು. ಪರವಾನಗಿ ರದ್ದುಮಾಡುವ, ಕಾಮಗಾರಿ ನಿಲ್ಲಿಸಲು ನೋಟಿಸು ಕೊಡುವ ಹುದ್ದೆಗೆ ಎದುರು ಹಾಕಿಕೊಳ್ಳುವ ಧೈರ್ಯವಿಲ್ಲದಿದ್ದರೆ ಆಗುವುದಿಲ್ಲ.

ಅರ್ಹತೆಯಾಗಿ ಎಂಬಿಬಿಎಸ್‌ನ ಮೇಲೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಅಥವಾ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಇರುವುದು ಸೂಕ್ತ. ಸ್ನಾತಕೋತ್ತರ ಸೀಟುಗಳ ಹಂಚಿಕೆಯಲ್ಲಿ ರೇಡಿಯಾಲಜಿ, ಚರ್ಮರೋಗ ಮೊದಲು ಹೋಗುತ್ತವೆ; ಪಿಎಸ್‌ಎಂ ಎಂದು ವಿದ್ಯಾರ್ಥಿಗಳು ಕರೆಯುವ ಈ ವಿಷಯ ಕೊನೆಗೆ ಉಳಿಯುತ್ತದೆ. ಖಾಸಗಿ ಗಳಿಕೆಯ ಅವಕಾಶ ಅದರಲ್ಲಿ ಕಡಿಮೆ ಎಂಬುದು ಒಂದು ಕಾರಣ. ಮುಂದೆ ಏರಲು ಒಂದು ಸ್ಪಷ್ಟ ಮೆಟ್ಟಿಲಿಲ್ಲ ಎಂಬುದು ಇನ್ನೊಂದು, ನನ್ನ ಅಭಿಪ್ರಾಯದಲ್ಲಿ ಅದೇ ದೊಡ್ಡದು.

ಆ ಮೆಟ್ಟಿಲನ್ನು ಕಟ್ಟಿದ ರಾಜ್ಯ ತಮಿಳುನಾಡು. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಆಸ್ಪತ್ರೆಗಳಿಂದ ಬೇರೆಯಾದ ಸ್ವಂತ ನಿರ್ದೇಶನಾಲಯವಿದೆ, 1939ರಲ್ಲಿಯೇ ಬಂದ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯ ಬಲವಿದೆ. ಸಾರ್ವಜನಿಕ ಆರೋಗ್ಯದಲ್ಲಿ ತರಬೇತಾದ ವೈದ್ಯರು ಕೆಳಗಿನ ಹಂತದಿಂದ ಆರಂಭಿಸಿ ನಿರ್ದೇಶಕರ ಹುದ್ದೆಯವರೆಗೆ ಹೋಗಬಹುದು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲೂ ಇಂಥ ಪ್ರತ್ಯೇಕ ಶ್ರೇಣಿ ಇರಬೇಕೆಂದಿತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೆ ಮಾರ್ಗದರ್ಶಿಯನ್ನೂ ಕೊಟ್ಟಿತು. ನಗರಗಳಿಗೆ ಇದು ಬೇಗ ಬರಬೇಕು. ಬಂದರೆ ನಿಮ್ಮ ಪ್ರಶ್ನೆಯಲ್ಲಿರುವ ಹೆಸರಾಂತ ವೈದ್ಯರನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಬೀಳುವುದಿಲ್ಲ.

ಆಯ್ಕೆ ಸಮಿತಿಯಲ್ಲಿ ನನ್ನ ಮಾತು ನಡೆಯುವುದಾದರೆ, ಅಭ್ಯರ್ಥಿಗಳ ಪ್ರಬಂಧಗಳನ್ನು ಎಣಿಸುವ ಮೊದಲು ಒಂದು ಸಂದರ್ಭ ಕೊಟ್ಟು ನೋಡುತ್ತಿದ್ದೆ: ಪ್ರಭಾವಿ ಬಿಲ್ಡರನ ಕಟ್ಟಡದಲ್ಲಿ ನೀರು ನಿಂತು ಮಲೇರಿಯಾ ಹರಡುತ್ತಿದೆ, ಕೂಲಿಗಳು ಹೆದರಿ ಊರಿಗೆ ಓಡುತ್ತಿದ್ದಾರೆ, ನೋಟಿಸು ಕೊಡಬೇಡಿ ಎಂದು ಮೇಲಿನಿಂದ ಫೋನು ಬರುತ್ತಿದೆ. ಬೆಳಿಗ್ಗೆ ಮೊದಲು ಏನು ಮಾಡುತ್ತೀರಿ? ರಕ್ತಪರೀಕ್ಷೆಗೆ ಯಾರನ್ನು ಕಳುಹಿಸುತ್ತೀರಿ, ಫೋನಿಗೆ ಏನೆನ್ನುತ್ತೀರಿ? ಊರಿಗೆ ಹೋದ ಕೂಲಿಗಳ ವಿಷಯವನ್ನು ಆ ಜಿಲ್ಲೆಗೆ ತಿಳಿಸಲು ಹೊಳೆಯುತ್ತದೆಯೇ? ಆಯ್ಕೆಯಾದವರಿಗೆ ಕನಿಷ್ಠ ಮೂರು ವರ್ಷದ ಭದ್ರ ಅವಧಿ ಕೊಡಬೇಕು. ಆಯುಕ್ತರನ್ನು ನೇರವಾಗಿ ಕಾಣುವ ಹಕ್ಕು, ತುರ್ತಿನಲ್ಲಿ ಕಡತಕ್ಕೆ ಕಾಯದೆ ಖರ್ಚು ಮಾಡಬಹುದಾದ ಒಂದಿಷ್ಟು ಹಣವೂ ಜೊತೆಗಿರಬೇಕು.

ಈ ಪ್ರಶ್ನೆ ಕೇಳುವವರಲ್ಲಿ ಅನೇಕರ ಮನೆಯಲ್ಲಿ ಎಂಬಿಬಿಎಸ್ ಓದುತ್ತಿರುವ ಮಕ್ಕಳಿರುತ್ತಾರೆ. ಅವರಿಗೆ ಈ ದಾರಿಯಲ್ಲಿ ಆಸಕ್ತಿ ಇದ್ದರೆ ದಯವಿಟ್ಟು ತಡೆಯಬೇಡಿ. ಮಹಾರಾಷ್ಟ್ರದ ಪಾಲಿಕೆಗಳ ಜಾಹೀರಾತುಗಳಲ್ಲಿ ಮರಾಠಿ ಬಲ್ಲವರಾಗಿರಬೇಕೆಂಬ ಷರತ್ತು ಸಾಮಾನ್ಯ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮಾತನಾಡಲು ಬರುತ್ತದೆ. ಕಚೇರಿಯ ಟಿಪ್ಪಣಿ ಬರೆಯುವಷ್ಟು ಮರಾಠಿಯನ್ನು ಓದುವಾಗಲೇ ರೂಢಿಸಿಕೊಳ್ಳಲಿ. ಇಂಟರ್ನ್‌ಶಿಪ್ಪಿನ ಗ್ರಾಮೀಣ ಮತ್ತು ನಗರ ಆರೋಗ್ಯ ಕೇಂದ್ರದ ದಿನಗಳನ್ನು ಸಹಿ ಹಾಕಿ ಕಳೆಯದೆ, ಆರೋಗ್ಯ ಸೇವಿಕೆಯರ ಜೊತೆ ಚಾಳುಗಳನ್ನು ಹತ್ತಿ ಇಳಿಯಲಿ. ಮುಂದೆ ಜಾಹೀರಾತು ಬಂದಾಗ ಸಂಬಳದ ಸಾಲಿನ ಜೊತೆಗೆ ಹುದ್ದೆ ಕಾಯಮ್ಮೋ ಗುತ್ತಿಗೆಯೋ, ಅವಧಿ ಎಷ್ಟು, ಯಾರಿಗೆ ವರದಿ ಮಾಡಬೇಕು ಎಂಬುದನ್ನೂ ಓದಿಕೊಂಡೇ ಅರ್ಜಿ ಹಾಕಲಿ.