ರೇಡಿಯೊ ಕೇಳಿ ಊರೇ ಓಡಿತಂತೆ!

1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಒಂದು ನಾಟಕ ಬಂತು. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆ. ಹೇಳಿದ್ದು ಮಾತ್ರ ವಾರ್ತೆ ಓದುವ ಧಾಟಿಯಲ್ಲಿ. ಕೆಲವರು ನಿಜವೆಂದೇ ನಂಬಿ ಹೆದರಿದರು. ಆದರೆ ದೇಶವೇ ದಿಕ್ಕೆಟ್ಟು ಓಡಿತು ಎಂದು ಮರುದಿನ ಬರೆದದ್ದು ಪತ್ರಿಕೆಗಳು. ಅಷ್ಟೆಲ್ಲ ಏನೂ ಆಗಿರಲಿಲ್ಲ ಎನ್ನುತ್ತಾರೆ ಆಮೇಲೆ ಕೆದಕಿ ನೋಡಿದ ಸಂಶೋಧಕರು. ರೇಡಿಯೊ ಆಗ ಪತ್ರಿಕೆಗಳ ಜಾಹೀರಾತು ಕಸಿಯುತ್ತಿತ್ತು. ಸಿಟ್ಟು ಇರುತ್ತದೆ, ಅಲ್ವಾ? ರೇಡಿಯೊ ಜನರನ್ನು ಮರುಳು ಮಾಡುತ್ತದೆ ಎಂದು ನಂಬಿಸಿದ್ದು ಇನ್ನೊಂದು ಮಾಧ್ಯಮ!

ಮಾಧ್ಯಮ ಜನರನ್ನು ಮರುಳು ಮಾಡುತ್ತದೆ ಎಂಬ ಈ ಭಯ ಹಳೆಯದು. ಇಂಗ್ಲೆಂಡಿನಲ್ಲಿ 1662ರ ಕಾನೂನಿನಂತೆ ಅನುಮತಿ ಇಲ್ಲದೆ ಪುಸ್ತಕ ಅಚ್ಚು ಹಾಕುವಂತಿರಲಿಲ್ಲ. 1695ರಲ್ಲಿ ಅದು ಬಿದ್ದುಹೋಯಿತು. ನನ್ನ ಪ್ರಕಾರ ಆ ಕಾನೂನು ಕಾಯುತ್ತಿದ್ದದ್ದು ಓದುಗರನ್ನಲ್ಲ, ಆಳುವವರನ್ನು.

ರೇಡಿಯೊ ಮೇಲಿನ ನಿಯಮದ ಕಥೆ ಬೇರೆ. ಒಂದೇ ತರಂಗಾಂತರದಲ್ಲಿ ಎರಡು ಸ್ಟೇಷನ್ ಮಾತಾಡಿದರೆ ಕೇಳುವವರಿಗೆ ಬರೀ ಗದ್ದಲ. 1926ರಲ್ಲಿ ಅಮೆರಿಕದಲ್ಲಿ ಆಗಿದ್ದೂ ಅದೇ. ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ಕೋರ್ಟ್ ಹೇಳಿತು, ಸ್ಟೇಷನ್‌ಗಳು ಒಂದರ ಮೇಲೊಂದು ಬಿದ್ದವು. ಮರುವರ್ಷವೇ ಹೊಸ ಕಾನೂನು ಬಂತು. ಅಲೆಗಳು ಯಾರ ಸ್ವತ್ತೂ ಅಲ್ಲ, ಬಳಸಲು ಲೈಸೆನ್ಸ್ ಬೇಕು, ಲೈಸೆನ್ಸ್ ಪಡೆದವರು ಸಾರ್ವಜನಿಕರ ಹಿತ ನೋಡಬೇಕು ಎಂದಾಯಿತು. ಗದ್ದಲ ನಿಲ್ಲಿಸಲು ಹೊರಟದ್ದು ಹೀಗೆ ಹೊಣೆ ಹೊರಿಸುವಲ್ಲಿಗೆ ಬಂತು.

ಹಾಗಾದರೆ ಮಾಧ್ಯಮದ ಪ್ರಭಾವವೆಲ್ಲ ಸುಮ್ನೆ ಮಾತೇ? ಅಲ್ಲ. 1968ರ ಅಧ್ಯಕ್ಷೀಯ ಚುನಾವಣೆ ಹೊತ್ತಿಗೆ ಅಮೆರಿಕದ ಚಾಪೆಲ್ ಹಿಲ್ ಎಂಬಲ್ಲಿ ಇಬ್ಬರು ಸಂಶೋಧಕರು ಇನ್ನೂ ಮನಸ್ಸು ಮಾಡದ 100 ಮತದಾರರನ್ನು ಮಾತಾಡಿಸಿದರು. ಅವರಿಗೆ ಮುಖ್ಯವೆನಿಸಿದ ವಿಷಯಗಳೂ ಮಾಧ್ಯಮ ಜಾಸ್ತಿ ಜಾಗ ಕೊಟ್ಟ ವಿಷಯಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಯಾರಿಗೆ ಓಟು ಹಾಕಬೇಕೆಂದು ಮಾಧ್ಯಮ ತೀರ್ಮಾನಿಸದಿರಬಹುದು. ಯಾವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು ಅನ್ನುವುದರಲ್ಲಿ ಅದರ ಕೈ ಇದೆ.

ಭಯ ನಿಜವಾದದ್ದೂ ಉಂಟು. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಟುಟ್ಸಿ ಜನಾಂಗದವರ ನರಮೇಧ ನಡೆದಾಗ ಅಲ್ಲಿನ ಆರ್‌ಟಿಎಲ್‌ಎಂ ರೇಡಿಯೊ ಅವರನ್ನು ಜಿರಳೆಗಳೆಂದು ಕರೆಯಿತು, ಕೊಲ್ಲಬೇಕಾದವರ ಹೆಸರು ಹೇಳಿತು. ಅದನ್ನು ಕಟ್ಟಿದ ಇಬ್ಬರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು.

ಈಗಿನ ಇಂಟರ್ನೆಟ್‌ನಲ್ಲಿ ಅಲೆಗಳ ಕೊರತೆಯ ಮಾತೇ ಇಲ್ಲ. ಯಾರು ಬೇಕಾದರೂ ಪ್ರಸಾರ ಮಾಡಬಹುದು. ಯಾರಿಗೆ ಏನು ಕಾಣಬೇಕೆಂದು ಆರಿಸುವುದು ಅಲ್ಗಾರಿದಂ, ಅಂದರೆ ಜಾಲತಾಣದ ಕಂಪ್ಯೂಟರ್ ಲೆಕ್ಕಾಚಾರ. ಹಾಗಾಗಿ ಯುರೋಪಿಯನ್ ಒಕ್ಕೂಟದ 2022ರ ಕಾನೂನು ಅದರ ಮೇಲೇ ಕಣ್ಣಿಟ್ಟಿದೆ. ಬಳಕೆದಾರರ ಅಭಿರುಚಿ, ಅಭ್ಯಾಸ ಅಳೆಯದೆ ಪೋಸ್ಟ್‌ಗಳನ್ನು ತೋರಿಸುವ ಒಂದು ಆಯ್ಕೆಯನ್ನಾದರೂ ದೊಡ್ಡ ಜಾಲತಾಣಗಳು ಕೊಡಲೇಬೇಕು.