ಸಯಾಟಿಕಾನಾ, ಬರೀ ಸೊಂಟ ನೋವಾ? ನೋವು ಹೋಗುವ ದಾರಿ ನೋಡಿ

ಸೊಂಟ ಹಿಡಿದುಕೊಂಡಿದೆ ಅಂದರೆ ಸಾಕು, ಪಕ್ಕದಲ್ಲಿದ್ದವರು 'ಅದು ಸಯಾಟಿಕಾನೇ' ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಸೊಂಟದಲ್ಲೇ ಉಳಿಯುವ ನೋವು ಸಾಮಾನ್ಯವಾಗಿ ಸಯಾಟಿಕಾ ಅಲ್ಲ. ಸಯಾಟಿಕಾ ಅಂದರೆ ಸಯಾಟಿಕ್ ನರದ ದಾರಿ ಹಿಡಿದು ಕಾಲಿಗೆ ಇಳಿಯುವ ನೋವು, ಅದರಲ್ಲಿ ಕಾಲಿನ ನೋವೇ ಜಾಸ್ತಿ. ಕೆಲವರಿಗಂತೂ ಸೊಂಟ ನೋಯುವುದೇ ಇಲ್ಲ. ಹಾಗಾಗಿ ಎಷ್ಟು ನೋಯುತ್ತಿದೆ ಅನ್ನುವುದಕ್ಕಿಂತ ನೋವು ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ ಅನ್ನುವುದನ್ನು ಮೊದಲು ಗಮನಿಸಿ.

ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪನೆಯ ನರ. ಬೆನ್ನುಮೂಳೆಯ ಕೆಳಭಾಗದಿಂದ ಹೊರಬರುವ 5 ನರಬೇರುಗಳು ಕೂಡಿ ಇದಾಗುತ್ತದೆ. ಕುಂಡಿಯ ಆಳದಲ್ಲಿ ಹಾದು, ತೊಡೆಯ ಹಿಂದೆ ಇಳಿದು, ಮಂಡಿಯ ಹತ್ತಿರ ಕವಲೊಡೆದು ಪಾದ ಸೇರುತ್ತದೆ. ತೊಂದರೆ ಶುರುವಾಗುವುದು ಮಾತ್ರ ಹೆಚ್ಚಾಗಿ ಮೇಲೆ, ಬೇರಿನಲ್ಲಿ. ಮೂಳೆಗಳ ನಡುವಿನ ಡಿಸ್ಕ್‌ನ ಒಳಗಿನ ಮೆದು ಭಾಗ ಹೊರಗೆ ತಳ್ಳಿಕೊಂಡು ಬಂದು ಬೇರನ್ನು ಒತ್ತುತ್ತದೆ, ಸುತ್ತ ಉರಿಯೂತವನ್ನೂ ಎಬ್ಬಿಸುತ್ತದೆ. 1934ರಲ್ಲಿ ಅಮೆರಿಕದ ಸರ್ಜನ್‌ಗಳಾದ ಮಿಕ್ಸ್‌ಟರ್ ಮತ್ತು ಬಾರ್ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಒತ್ತಡ ಸೊಂಟದಲ್ಲಿ, ನೋವು ಪಾದದಲ್ಲಿ. ಅದಕ್ಕೇ ಕಾಲಿಗೆ ಎಷ್ಟು ಎಣ್ಣೆ ತಿಕ್ಕಿದರೂ ಮೂಲ ಹಾಗೇ ಇರುತ್ತದೆ.

ನೋವು ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ. ಕರೆಂಟ್ ಹೊಡೆದಂತೆ ಚಳಕ್ ಅಂತ ಮಂಡಿಯ ಕೆಳಗಿನವರೆಗೂ ಇಳಿಯುತ್ತದೆ, ಕೆಲವೊಮ್ಮೆ ಉರಿ, ಕೆಲವೊಮ್ಮೆ ಜೋಮು. ಕೆಮ್ಮಿದರೆ, ಸೀನಿದರೆ, ಶೌಚಕ್ಕೆ ಮುಕ್ಕಿದರೆ ಜಾಸ್ತಿ. ತುಂಬಾ ಹೊತ್ತು ಕೂತರೆ ಅಥವಾ ಶೂ ಲೇಸ್ ಕಟ್ಟಲು ಬಗ್ಗಿದರೆ ಇನ್ನೂ ಕಷ್ಟ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಎಷ್ಟೋ ಜನಕ್ಕೆ ವಾಸಿ ಅನ್ನಿಸುತ್ತದೆ.

ಯಾವ ಬೇರು ಸಿಕ್ಕಿಕೊಂಡಿದೆ ಅನ್ನುವುದನ್ನು ಕಾಲೇ ಸುಮಾರಾಗಿ ಹೇಳಿಬಿಡುತ್ತದೆ, ನನಗೆ ಇದೇ ಸ್ವಾರಸ್ಯ. ನೋವು ಮೀನಖಂಡದ ಹೊರಬದಿಯಲ್ಲಿ ಇಳಿದು ಪಾದದ ಮೇಲ್ಭಾಗ, ಹೆಬ್ಬೆರಳು ಮುಟ್ಟಿದರೆ ಎಲ್5 ಅನ್ನುವ, ಸೊಂಟದ ಐದನೇ ನರಬೇರಿನ ಮೇಲೆ ಅನುಮಾನ. ಆಗ ಹಿಮ್ಮಡಿಯ ಮೇಲೆ ನಡೆಯುವುದು ಕಷ್ಟ. ನರ ಜಾಸ್ತಿ ಸೋತಿದ್ದರೆ ಪಾದ ಎತ್ತಲಾಗದೆ ನಡೆಯುವಾಗ ನೆಲಕ್ಕೆ ಪಟಪಟ ಬಡಿಯುತ್ತದೆ. ಮೀನಖಂಡದ ಹಿಂಭಾಗದಿಂದ ಕಿರುಬೆರಳಿನ ಕಡೆ ಹೋದರೆ ಎಸ್1, ಅಂದರೆ ಅದರ ಕೆಳಗಿನ ಬೇರು. ಆಗ ತುದಿಗಾಲಲ್ಲಿ ನಿಲ್ಲುವುದು ಕಷ್ಟ. ಡಾಕ್ಟರು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲು ಎತ್ತಿ ನೋಡುವುದು ಬೇರು ಒತ್ತಿಕೊಂಡಿದೆಯಾ ಅಂತ ತಿಳಿಯಲು: 30ರಿಂದ 70 ಡಿಗ್ರಿ ಏರುವಷ್ಟರಲ್ಲಿ ಕಾಲಿನುದ್ದಕ್ಕೂ ಆ ನೋವು ಹೊಡೆದರೆ ಅನುಮಾನ ಗಟ್ಟಿಯಾಗುತ್ತದೆ.

ಕಾಲು ನೋವೆಲ್ಲ ಇದೇ ಅಲ್ಲ. ತೊಡೆಸಂದಿಯಲ್ಲಿ ನೋವಿದ್ದರೆ ತೊಡೆಮೂಳೆ ಸೇರುವ ಸೊಂಟದ ಕೀಲು (ಹಿಪ್) ನೋಡಿಸಿ. ನಡೆದಾಗ ಮೀನಖಂಡ ಹಿಡಿದು, ಸುಮ್ನೆ ನಿಂತರೆ ಬಿಟ್ಟರೆ ರಕ್ತನಾಳದ ತೊಂದರೆ ಇರಬಹುದು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ತಡ ಬೇಡ, ರಕ್ತ ಹೆಪ್ಪುಗಟ್ಟಿರಬಹುದು.

ಇನ್ನೊಂದು ತುರ್ತು ಸ್ಥಿತಿ ಅಪರೂಪ, ಆದರೆ ಗೊತ್ತಿರಲೇಬೇಕು. ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಎರಡೂ ಕಾಲು ಸೋಲುವುದು. ಇದರಲ್ಲಿ ಒಂದು ಕಂಡರೂ ಆವತ್ತೇ ಆಸ್ಪತ್ರೆ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಪಾದ ಸೋಲುತ್ತಾ ಬಂದರೂ ಬೇಗ ತೋರಿಸಿ.

ಉಳಿದಂತೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಆಪರೇಷನ್ ಇಲ್ಲದೆ ಕಮ್ಮಿಯಾಗುತ್ತದೆ. ಹೊರಬಂದ ಡಿಸ್ಕ್ ಭಾಗವನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ದಿನಗಟ್ಟಲೆ ಮಲಗಿರುವುದರಿಂದ ಲಾಭವಿಲ್ಲ, ಆದಷ್ಟು ಓಡಾಡಿ. ಪಾದದ ನೋವು ಮಂಡಿಗೆ, ಮಂಡಿಯದು ತೊಡೆಗೆ ಹೀಗೆ ಮೇಲೇರುತ್ತಾ ಹೋಗಿ ಕೊನೆಗೆ ಸೊಂಟ ಮಾತ್ರ ನೋಯುತ್ತಿದ್ದರೆ, ಅದು ಸಾಮಾನ್ಯವಾಗಿ ವಾಸಿಯಾಗುತ್ತಿರುವ ಲಕ್ಷಣ.