ಅದೇ ಹಳೇ ಮುಖಗಳು, ಆದ್ರೆ ಮುಂದಿನ ಕೇಸು ಯಾರದ್ದು?

ಪೊಲೀಸರ ಹತ್ರ ಯಾವಾಗ್ಲೂ ಒಂದು ಮಾತಿರುತ್ತೆ, ಕೇಸು ನೂರಾರು, ಮಾಡೋರು ಮಾತ್ರ ಅದೇ ಹಳೇ ಮುಖಗಳು ಅಂತ. ಈ ಮಾತಿಗೆ ಗಟ್ಟಿ ಲೆಕ್ಕ ಸಿಕ್ಕಿದ್ದು 1972ರಲ್ಲಿ. ಅಮೆರಿಕದ ಅಪರಾಧಶಾಸ್ತ್ರಜ್ಞ ಮಾರ್ವಿನ್ ವುಲ್ಫ್‌ಗ್ಯಾಂಗ್ ಮತ್ತೆ ಅವರ ಜೊತೆಗಾರರು 1945ರಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ರೆಕಾರ್ಡ್ ಜಾಲಾಡಿದ್ರು, ನೋಡಿದ್ರೆ ಬರೀ 627 ಜನ, ಅಂದ್ರೆ ನೂರಕ್ಕೆ ಆರು, ಅರ್ಧಕ್ಕಿಂತ ಜಾಸ್ತಿ ಅಪರಾಧಗಳು ಇವರ ಹೆಸರಲ್ಲೇ ಇದ್ವು.

ಹಾಗಾದ್ರೆ ಅವರನ್ನ ಒಳಗೆ ಹಾಕಿದ್ರೆ ಮುಗೀತಲ್ಲ? ಎಲ್ರೂ ಹಂಗೇ ಅಂದ್ಕೊಂಡ್ರು. 1982ರಲ್ಲಿ ರ್‍ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆಯ ಪೀಟರ್ ಗ್ರೀನ್‌ವುಡ್ ಮುಂದೆ ಯಾರು ಜಾಸ್ತಿ ಅಪರಾಧ ಮಾಡ್ತಾರೆ ಅಂತ ಅಳೆಯೋಕೆ ಏಳು ಪಾಯಿಂಟಿನ ಒಂದು ಅಳತೆಗೋಲು ಮಾಡಿದ್ರು, ಹಳೇ ಶಿಕ್ಷೆ, ಡ್ರಗ್ಸ್ ಚಟ ಸರಿ, ಆದ್ರೆ ಕೆಲಸ ಇಲ್ದೇ ಇದ್ದಿದ್ದಕ್ಕೂ ಒಂದು ಪಾಯಿಂಟು! ಆಗಿಹೋಗಿದ್ದನ್ನ ಎಣಿಸೋದು ಸುಲಭ, ಮುಂದೆ ಯಾರು ಮಾಡ್ತಾರೆ ಅಂತ ಹೇಳೋಕೆ ಹೋದಾಗ ಮಾಡದೇ ಇರೋರೂ ಆ ಲೆಕ್ಕದಲ್ಲಿ ಸಿಕ್ಕಾಕೊಳ್ತಾರೆ. ಅದೇ ವರ್ಷ ವಾಷಿಂಗ್ಟನ್ ಪೊಲೀಸರು ಮತ್ತೆ ಮತ್ತೆ ಅಪರಾಧ ಮಾಡೋರ ಬೆನ್ನು ಹತ್ತೋಕೇ ಒಂದು ಸ್ಪೆಷಲ್ ತಂಡ ಕಟ್ಟಿದ್ರು. ದೊಡ್ಡ ಕುಳಗಳು ಸಿಕ್ಕಿದ್ದು ನಿಜ, ಆದ್ರೆ ಆ ತಂಡದವರು ಮಾಡಿದ ಒಟ್ಟು ಅರೆಸ್ಟ್ ಕಮ್ಮಿ ಆಯ್ತು.

ನನಗೆ ಇಷ್ಟ ಆಗೋದು ಬಾಸ್ಟನ್ ಕಥೆ. 1996ರಲ್ಲಿ ಅಲ್ಲಿ ಪೊಲೀಸರು ಗ್ಯಾಂಗಿನ ಹುಡುಗರನ್ನ ಕರೆದು ಎದುರಿಗೆ ಕೂರಿಸ್ಕೊಂಡು ಹೇಳಿದ್ರು, ಗುಂಡು ಹಾರಿಸಿದ್ರೆ ಇಡೀ ಗ್ಯಾಂಗಿನ ಮೇಲೆ ಬೀಳ್ತೀವಿ, ಇದನ್ನೆಲ್ಲ ಬಿಡ್ತೀನಿ ಅಂದ್ರೆ ಸಹಾಯ ಮಾಡ್ತೀವಿ. ಬರೀ ಬಾಯಿಮಾತಲ್ಲ ಅಂತ ತೋರಿಸೋಕೆ ಒಂದು ಪಾಂಪ್ಲೆಟ್ ಬೇರೆ ಇತ್ತು: ಹಳೇ ರೆಕಾರ್ಡ್ ಇದ್ದ ಒಬ್ಬ, ಹತ್ರ ಸಿಕ್ಕಿದ್ದು ಒಂದೇ ಒಂದು ಬುಲೆಟ್, ಶಿಕ್ಷೆ ಹತ್ತಿರಹತ್ತಿರ 20 ವರ್ಷ. ಯುವಕರ ಕೊಲೆ ತಿಂಗಳ ಲೆಕ್ಕದಲ್ಲಿ 63 ಪರ್ಸೆಂಟ್ ಇಳೀತು ಅಂತ ಅಧ್ಯಯನ ಹೇಳ್ತು, ಅದೇ ಹೊತ್ತಲ್ಲಿ ಬೇರೆ ಊರುಗಳಲ್ಲೂ ಇಳೀತಿತ್ತು ಅಂತ ತಕರಾರು ತೆಗೆದವರೂ ಇದ್ದಾರೆ.

ಆಮೇಲೆ ಬಂತು ಕಂಪ್ಯೂಟರ್. ಶಿಕಾಗೋ ಪೊಲೀಸರು ಜನರಿಗೆ 500ರವರೆಗೆ ಸ್ಕೋರ್ ಕೊಡೋ ಪಟ್ಟಿ ಮಾಡಿದ್ರು, ಯಾರು ಗುಂಡು ಹಾರಿಸಬಹುದು, ಯಾರು ಗುಂಡೇಟು ತಿನ್ನಬಹುದು ಎರಡೂ ಒಂದೇ ಪಟ್ಟಿಯಲ್ಲಿ. ಅದರ ಮೊದಲ ವರ್ಶನ್ ಬಗ್ಗೆ 2016ರಲ್ಲಿ ಬಂದ ಅಧ್ಯಯನ ನೋಡಿದ್ರೆ ಪಟ್ಟಿಯಿಂದ ಯಾರ ಜೀವಾನೂ ಉಳಿದ ಹಾಗೆ ಕಾಣ್ಲಿಲ್ಲ, ಪಟ್ಟಿಯಲ್ಲಿದ್ದೋರು ಶೂಟಿಂಗ್ ಕೇಸಲ್ಲಿ ಅರೆಸ್ಟ್ ಆಗೋದು ಮಾತ್ರ ಜಾಸ್ತಿ ಆಗಿತ್ತು. ತಡೆಯೋಕೆ ಅಂತ ಮಾಡಿದ ಪಟ್ಟೀನ ಶೂಟಿಂಗ್ ಆದ್ಮೇಲೆ ಯಾರನ್ನ ಹಿಡಿಯೋದು ಅಂತ ಹುಡುಕೋಕೆ ತೆಗೀತಿದ್ರೇನೋ ಅಂತ ಅಧ್ಯಯನ ಮಾಡಿದವರಿಗೇ ಅನುಮಾನ ಬಂತು. 2019ರಲ್ಲಿ ಅದನ್ನ ನಿಲ್ಲಿಸಿಬಿಟ್ರು.